ಒಬ್ಬರೇ ಬೈಕ್‌ನಲ್ಲಿ ಬೆಳಗಾವಿ, ಬಾದಾಮಿ, ವಿಜಯಪುರ: ಹೊರಡುವ ಮೊದಲಿನಿಂದ ಮನೆ ಸೇರುವ ತನಕ

ಒಬ್ಬರೇ ಬೈಕ್ ಹತ್ತಿ ಮೂರು ದಿನ ಸುತ್ತಿ ಬರಬೇಕು ಅನ್ನುವ ಆಸೆ ಬಹಳ ಜನರಿಗಿದೆ. ಹೊರಟು ಅರ್ಧಕ್ಕೇ ವಾಪಸ್ ಬಂದವರೂ ಕಡಿಮೆ ಇಲ್ಲ. ಅವರು ಹೇಳುವುದು ಹೆಚ್ಚುಕಡಿಮೆ ಒಂದೇ ಕಥೆ. ಬೆಳಗಾವಿ ಬಿಡುವಷ್ಟರಲ್ಲಿ ಹತ್ತು ಗಂಟೆ. ಯರಗಟ್ಟಿ ದಾಟುವಾಗ ಬಿಸಿಲು ನೆತ್ತಿ ಮೇಲೆ. ಬಾದಾಮಿ ಮುಟ್ಟಿದಾಗ ಗುಹೆ ಹತ್ತುವ ಶಕ್ತಿಯೇ ಉಳಿದಿಲ್ಲ. ಮರುದಿನ ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ ಎಲ್ಲವನ್ನೂ ಮುಗಿಸಲು ಹೋಗಿ ವಿಜಯಪುರದ ದಾರಿಯಲ್ಲಿ ಕತ್ತಲು. ಮೂರನೇ ದಿನ ಮೈಕೈ ನೋವು, "ಸಾಕಪ್ಪಾ ಸಾಕು" ಅನ್ನುವ ಮನಸ್ಸು.

ಜೊತೆಗೆ ಇನ್ನೊಬ್ಬರಿದ್ದರೆ "ಇವತ್ತು ಇಲ್ಲೇ ಉಳಿಯೋಣ" ಅಂತ ಹೇಳುವವರು ಇರುತ್ತಾರೆ. ಒಬ್ಬರೇ ಹೋದಾಗ ದಣಿದ ತಲೆಯೇ ಎಲ್ಲವನ್ನೂ ನಿರ್ಧರಿಸಬೇಕು. ದಣಿದ ತಲೆ ಯಾವಾಗಲೂ "ಇನ್ನೊಂದ್ ಸ್ವಲ್ಪ ಮುಂದೆ ಹೋಗೋಣ" ಅನ್ನುತ್ತದೆ. ಅದಕ್ಕೇ ದೊಡ್ಡ ತೀರ್ಮಾನಗಳನ್ನೆಲ್ಲ ಮನೆಯಲ್ಲೇ, ತಲೆ ತಣ್ಣಗಿರುವಾಗ ಮಾಡಿ ಮುಗಿಸಬೇಕು. ಆಗ ದಾರಿಯಲ್ಲಿ ಮನಸ್ಸು ಖಾಲಿ ಇರುತ್ತದೆ, ಬೇಕಾದಲ್ಲಿ ನಿಲ್ಲಬಹುದು, ಯಾರಿಗೂ ಕಾಯಬೇಕಿಲ್ಲ. ಒಬ್ಬರೇ ಹೋಗುವುದರ ಸುಖ ಇರುವುದೇ ಅಲ್ಲಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲಿನ ಐದು ಹಂತ ಮುಗಿಯದೆ ಕೀಲಿ ತಿರುಗಿಸಬೇಡಿ.

## ಹಂತ 1: ಕಾಲ ನೋಡಿ ದಿನ ಹಿಡಿಯಿರಿ

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರದ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಹೋಗಲೇಬೇಕಾದರೆ ಬೆಳಿಗ್ಗೆ ಹತ್ತೂವರೆಯೊಳಗೆ ಬೈಕ್ ಓಡಿಸುವುದನ್ನು ಮುಗಿಸಿ, ಸಂಜೆ ನಾಲ್ಕರ ತನಕ ನೆರಳಲ್ಲಿರಿ.

ಜುಲೈ, ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ತುಂಬಿ ಬರುತ್ತವೆ. ಇಲ್ಲಿ ಮಳೆ ಇಲ್ಲದಿದ್ದರೂ ಮೇಲೆ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆಯಾದರೆ ಕೃಷ್ಣಾ ಏರುತ್ತದೆ. ಚಿಕ್ಕೋಡಿ ಭಾಗದ ತಗ್ಗು ಸೇತುವೆಗಳು ಮುಳುಗುತ್ತವೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೀರು ಪಟ್ಟದಕಲ್ಲಿನ ಗುಡಿಗಳ ಒಳಗೇ ಬಂದಿತ್ತು. ಸೇತುವೆ ಮೇಲೆ ಒಂದು ಗೇಣು ನೀರು ಹರಿಯುತ್ತಿದ್ದರೂ ದಾಟಬೇಡಿ. ಪಕ್ಕದಲ್ಲಿ ಬೇರೆಯವರು ದಾಟಿದರು ಅನ್ನುವುದು ಕಾರಣವಲ್ಲ.

ಜಾತ್ರೆ ದಿನಗಳನ್ನೂ ನೋಡಿಕೊಳ್ಳಿ. ಜನವರಿಯಲ್ಲಿ ಬನದ ಹುಣ್ಣಿಮೆ ಸುತ್ತ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ನಡೆಯುತ್ತದೆ. ಆಗ ಬಾದಾಮಿಯಲ್ಲಿ ರೂಮು ಸಿಗುವುದು ಕಷ್ಟ. ಹುಣ್ಣಿಮೆಗಳಲ್ಲಿ, ಮಂಗಳವಾರ, ಶುಕ್ರವಾರ ಸವದತ್ತಿ ಯಲ್ಲಮ್ಮನ ಗುಡ್ಡದ ದಾರಿ ಗಿಜಿಗುಡುತ್ತದೆ. ಮ್ಯೂಸಿಯಂ ನೋಡುವ ಆಸೆ ಇದ್ದವರು ಶುಕ್ರವಾರ ಬಿಡಿ, ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಅವತ್ತು ರಜೆ.

## ಹಂತ 2: ದಾರಿಯನ್ನು ಕಾಗದದ ಮೇಲೆ ಬರೆಯಿರಿ

ಫೋನ್‌ನಲ್ಲಿ ಮ್ಯಾಪ್ ಇದೆ, ಬರೆಯೋದು ಯಾಕೆ ಅನ್ನಿಸಬಹುದು. ಬರೆದಾಗ ಮಾತ್ರ "ಇದು ಒಂದು ದಿನಕ್ಕೆ ಆಗಲ್ಲ" ಅನ್ನುವುದು ಕಣ್ಣಿಗೆ ಕಾಣುತ್ತದೆ.

ಮೂರು ದಿನಕ್ಕೆ ನಾನು ಹೇಳುವ ಸುತ್ತು ಇದು. ಮೊದಲ ದಿನ ಬೆಳಗಾವಿಯಿಂದ ಬಾದಾಮಿ, 150 ಕಿಮೀ ಆಸುಪಾಸು. ಸವದತ್ತಿ, ರಾಮದುರ್ಗದ ಮೇಲೂ ಹೋಗಬಹುದು, ರಾಯಚೂರು–ಬಾಚಿ ರಸ್ತೆ ಹಿಡಿದು ಯರಗಟ್ಟಿ, ಲೋಕಾಪುರದ ಮೇಲೂ ಹೋಗಬಹುದು. ಎರಡನೇ ದಿನ ಬಾದಾಮಿಯಿಂದ ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಅಮೀನಗಡ, ಹುನಗುಂದ, ಅಲ್ಲಿಂದ ಹೈವೇ 50 ಹಿಡಿದು ಕೂಡಲಸಂಗಮ ಕ್ರಾಸ್, ನಿಡಗುಂದಿ, ವಿಜಯಪುರ. ಮೂರನೇ ದಿನ ಬೆಳಿಗ್ಗೆ ವಿಜಯಪುರ ನೋಡಿ ಬೆಳಗಾವಿಗೆ ವಾಪಸ್, ಸುಮಾರು 200 ಕಿಮೀ.

ಈಗ ಪ್ರತಿ ದಿನದ ಮುಂದೆ ನೋಡಲೇಬೇಕಾದ ಎರಡೇ ಜಾಗ ಬರೆಯಿರಿ. ಉಳಿದದ್ದು ಸಮಯ ಸಿಕ್ಕರೆ ಮಾತ್ರ. ಜನ ಸೋಲುವುದು ಹೆಚ್ಚಾಗಿ ಇಲ್ಲಿ. ಎರಡನೇ ದಿನದ ಪಟ್ಟಿಯಲ್ಲಿ ಆರು ಹೆಸರಿದ್ದರೆ ಆರನ್ನೂ ಗೇಟಿನಿಂದಲೇ ನೋಡಿ ಬರುತ್ತೀರಿ. ಪಟ್ಟದಕಲ್ಲಿಗೊಂದಕ್ಕೇ ಎರಡು ತಾಸು ಕೊಡಿ. ಆಲಮಟ್ಟಿ ಇನ್ನೊಂದು ಸಲ ಆಗುತ್ತದೆ, ಆಣೆಕಟ್ಟು ಎಲ್ಲಿಗೂ ಹೋಗುವುದಿಲ್ಲ.

ಕಾಗದದಲ್ಲಿ ಇನ್ನೊಂದು ಸಾಲು: ಪ್ರತಿ ದಿನ ಎಷ್ಟು ಗಂಟೆಗೆ ಲಾಡ್ಜ್ ಸೇರಬೇಕು. ಸೂರ್ಯ ಮುಳುಗುವ ಒಂದು ತಾಸು ಮೊದಲಿನ ಸಮಯ ಬರೆಯಿರಿ. ಡಿಸೆಂಬರ್‌ನಲ್ಲಿ ಅದು ಸಂಜೆ ಐದು. ಆ ಸಾಲನ್ನು ದಾರಿಯಲ್ಲಿ ತಿದ್ದಬಾರದು.

ಮೂರು ಜಿಲ್ಲೆಗಳ ಮ್ಯಾಪನ್ನು ಆಫ್‌ಲೈನ್ ಇಳಿಸಿಟ್ಟುಕೊಳ್ಳಿ. ಮೊದಲ ಎರಡು ರಾತ್ರಿಯ ರೂಮನ್ನು ಮೊದಲೇ ಬುಕ್ ಮಾಡಿ. ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಮಯೂರ ಹೋಟೆಲ್‌ಗಳು ಬಾದಾಮಿ, ವಿಜಯಪುರ ಎರಡರಲ್ಲೂ ಇವೆ. ಬೇರೆ ಲಾಡ್ಜ್ ಆದರೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಒಬ್ಬರಿಗೇ ರೂಮು ಕೊಡುತ್ತೀರಾ, ಬೈಕ್ ಕಾಂಪೌಂಡ್ ಒಳಗೆ ನಿಲ್ಲಿಸಬಹುದಾ? ಒಬ್ಬರೇ ಬಂದವರಿಗೆ ರೂಮು ಕೊಡಲು ಹಿಂದೆಮುಂದೆ ನೋಡುವ ಲಾಡ್ಜ್‌ಗಳು ಇನ್ನೂ ಇವೆ. ಅದನ್ನು ಸಂಜೆ ಕೌಂಟರ್ ಮುಂದೆ ನಿಂತು ತಿಳಿದುಕೊಳ್ಳುವುದಕ್ಕಿಂತ ಮನೆಯಲ್ಲಿದ್ದಾಗಲೇ ತಿಳಿಯುವುದು ಮೇಲು. ಹೆಣ್ಣುಮಕ್ಕಳು ರಾತ್ರಿ ಕೌಂಟರಿನಲ್ಲಿ ಯಾರಿರುತ್ತಾರೆ ಅನ್ನುವುದನ್ನೂ ಕೇಳಿಟ್ಟುಕೊಳ್ಳಿ. ಉತ್ತರ ಸರಿ ಅನ್ನಿಸದಿದ್ದರೆ ಬೇರೆ ಲಾಡ್ಜ್ ನೋಡಿ.

## ಹಂತ 3: ಗಾಡಿಯನ್ನು ಒಂದು ವಾರ ಮೊದಲೇ ತಯಾರು ಮಾಡಿ

ಹಿಂದಿನ ದಿನ ಸರ್ವಿಸ್‌ಗೆ ಬಿಡುವುದು ದೊಡ್ಡ ತಪ್ಪು. ಸರ್ವಿಸ್‌ನಲ್ಲಿ ಬಿಚ್ಚಿದ ನಟ್ಟು ಸಡಿಲ ಉಳಿದಿದ್ದರೆ ಅದು ಗೊತ್ತಾಗುವುದು ಐವತ್ತು ಅರವತ್ತು ಕಿಮೀ ಓಡಿಸಿದ ಮೇಲೆ. ಒಂದು ವಾರ ಮೊದಲು ಸರ್ವಿಸ್ ಮಾಡಿಸಿ, ನಂತರ ಗೋಕಾಕ ಫಾಲ್ಸ್ ತನಕ ಒಮ್ಮೆ ಹೋಗಿ ಬನ್ನಿ. ಅಷ್ಟು ದೂರಕ್ಕೆ ಗಾಡಿಯ ಎಲ್ಲಾ ಸದ್ದು ಹೊರಗೆ ಬರುತ್ತದೆ.

ನೀವೇ ನೋಡಬೇಕಾದದ್ದು ಮೊದಲು ಟೈರು. ಟೈರಿನ ಗೀರುಗಳ ನಡುವೆ ಸಣ್ಣ ಉಬ್ಬು ಪಟ್ಟಿ ಇರುತ್ತದೆ. ಮೇಲ್ಮೈ ಸವೆದು ಆ ಪಟ್ಟಿಗೆ ಸಮ ಬಂದಿದ್ದರೆ ಟೈರು ಬದಲಿಸಿ, ಯೋಚನೆ ಮಾಡಬೇಡಿ. ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಿ, ಕಂಪನಿ ಬರೆದಷ್ಟೇ ಹಾಕಿ. ಆಮೇಲೆ ಚೈನು: ಕೆಳಗಿನ ಭಾಗವನ್ನು ಬೆರಳಿಂದ ಎತ್ತಿ ಇಳಿಸಿದರೆ ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರ್ ಆಡಬೇಕು. ನಿಮ್ಮ ಗಾಡಿಯ ಪುಸ್ತಕ ಬೇರೆ ಅಳತೆ ಹೇಳಿದರೆ ಅದೇ ಸರಿ. ಕ್ಲಚ್ ಕೇಬಲ್ ತುದಿಯಲ್ಲಿ ಒಂದು ಎಳೆ ಹರಿದಿದ್ದರೂ ಹೊಸದು ಹಾಕಿಸಿ. ಬ್ರೇಕ್ ಲಿವರ್ ಸ್ಪಂಜಿನ ಹಾಗೆ ಮೆತ್ತಗೆ ಒಳಗೆ ಹೋದರೆ ಬ್ರೇಕ್ ಎಣ್ಣೆಯಲ್ಲಿ ಸೇರಿದ ಗಾಳಿ ತೆಗೆಸಿ.

ನಿಮ್ಮ ಟೈರು ಟ್ಯೂಬ್‌ಲೆಸ್ (ಒಳಗೆ ಟ್ಯೂಬ್ ಇಲ್ಲದ್ದು) ಹೌದೋ ಅಲ್ಲವೋ ಇವತ್ತೇ ನೋಡಿ. ಎಷ್ಟೋ ಜನರಿಗೆ ಇದು ಗೊತ್ತಾಗುವುದು ಪಂಕ್ಚರ್ ಆದ ದಿನ.

## ಹಂತ 4: ಚೀಲ ಕಟ್ಟುವ ಕ್ರಮ

ಮೊದಲು ಪಂಕ್ಚರ್ ಕಿಟ್: ರೀಮರ್ (ತೂತನ್ನು ಉಜ್ಜಿ ಹದ ಮಾಡುವ ಮುಳ್ಳು), ಸೂಜಿ, ತೂತಿಗೆ ತುರುಕುವ ಐದಾರು ರಬ್ಬರ್ ಬತ್ತಿ, ಇಕ್ಕಳ, ಬ್ಲೇಡು, ಸಣ್ಣ ಪಂಪು. ಟ್ಯೂಬ್ ಇರುವ ಗಾಡಿಯಾದರೆ ಒಂದು ಹೊಸ ಟ್ಯೂಬು. ಜೊತೆಗೆ ಗಾಡಿಯ ಪಾನಾ ಸೆಟ್, ಒಂದು ಫ್ಯೂಜು, ಪ್ಲಗ್, ಕ್ಲಚ್ ಕೇಬಲ್, ಎಂ-ಸೀಲ್, ಕೇಬಲ್ ಟೈ, ತಲೆಗೆ ಕಟ್ಟುವ ಟಾರ್ಚು. ಕೈಯಲ್ಲಿ ಹಿಡಿಯುವ ಟಾರ್ಚು ಒಬ್ಬರೇ ಇದ್ದಾಗ ಉಪಯೋಗಕ್ಕೆ ಬರುವುದಿಲ್ಲ. ಎರಡೂ ಕೈ ಕೆಲಸದಲ್ಲಿರುತ್ತವಲ್ವಾ?

ಬಟ್ಟೆ ಕಡಿಮೆ, ನೀರು ಜಾಸ್ತಿ. ಎರಡು ಲೀಟರ್ ನೀರು, ಒಆರ್‌ಎಸ್ ಪ್ಯಾಕೆಟ್, ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎರಡು ಶೇಂಗಾ ಹೋಳಿಗೆ. ಈ ಬುತ್ತಿ ಮೂರು ದಿನ ಕೆಡುವುದಿಲ್ಲ, ಹಸಿದಾಗ ಎಲ್ಲಿ ಬೇಕಾದರೂ ನಿಲ್ಲುವ ಸ್ವಾತಂತ್ರ್ಯ ಕೊಡುತ್ತದೆ. ಒಂದು ಟವೆಲ್ ಮರೆಯಬೇಡಿ, ಮಹಾಕೂಟದಲ್ಲಿ ಬೇಕಾಗುತ್ತದೆ.

ದುಡ್ಡನ್ನು ಎರಡು ಕಡೆ ಇಡಿ. ಸಣ್ಣ ಊರಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಫೋನಿನ ದುಡ್ಡು ದುಡ್ಡಲ್ಲ. ನೂರು, ಐವತ್ತರ ನೋಟುಗಳಲ್ಲಿ ಎರಡು ಸಾವಿರವಾದರೂ ಇರಲಿ. ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಡಿಜಿಲಾಕರ್‌ನಲ್ಲಿದ್ದರೂ ಒಂದು ಸೆಟ್ ಜೆರಾಕ್ಸ್ ಸೀಟಿನ ಕೆಳಗಿರಲಿ.

ಚೀಲವನ್ನು ಹಿಂದಿನ ಸೀಟಿಗೆ ಕಟ್ಟಿ. ಬೆನ್ನಿಗೆ ಹಾಕಿದರೆ ಮಧ್ಯಾಹ್ನದೊಳಗೆ ಭುಜ ಹಿಡಿಯುತ್ತದೆ. ಕಟ್ಟಿದ ಮೇಲೆ ಹಗ್ಗದ ತುದಿ ನೋಡಿ. ಜೋತಾಡುವ ತುದಿ ಚೈನಿಗೆ ಸಿಕ್ಕರೆ ಹಿಂದಿನ ಗಾಲಿ ಅಲ್ಲೇ ಲಾಕ್ ಆಗುತ್ತದೆ.

## ಹಂತ 5: ಮನೆಯವರ ಜೊತೆ ಮೂರು ಮೆಸೇಜಿನ ಒಪ್ಪಂದ

ಒಬ್ಬರನ್ನು ಆರಿಸಿಕೊಳ್ಳಿ. ದಿನಕ್ಕೆ ಮೂರು ಮೆಸೇಜು: ಹೊರಟಾಗ, ಮಧ್ಯಾಹ್ನ ಊಟಕ್ಕೆ ನಿಂತಾಗ, ಲಾಡ್ಜ್ ಸೇರಿದಾಗ. ಇದಕ್ಕಿಂತ ಜಾಸ್ತಿ ಬೇಡ. ಹತ್ತು ನಿಮಿಷಕ್ಕೊಮ್ಮೆ ಫೋನ್ ಬಂದರೆ ಒಬ್ಬರೇ ಹೋದ ಹಾಗೇ ಅಲ್ಲ.

ಮುಖ್ಯವಾದದ್ದು ಇದರ ಇನ್ನೊಂದು ಭಾಗ. ಸಂಜೆಯ ಮೆಸೇಜು ಏಳು ಗಂಟೆಯೊಳಗೆ ಬರದಿದ್ದರೆ ಅವರು ಏನು ಮಾಡಬೇಕು ಅನ್ನುವುದನ್ನು ಬರೆದು ಕೊಡಿ. ಮೊದಲು ನಿಮಗೆ ಫೋನು, ನಂತರ ಲಾಡ್ಜಿಗೆ, ಆಮೇಲೆ ತುರ್ತು ಸಹಾಯದ 112. ಹಂತ 2ರ ಕಾಗದದ ಫೋಟೊ ಅವರ ಬಳಿ ಇರಲಿ, ಯಾವ ದಾರಿಯಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ.

ನಿಮ್ಮ ಜೇಬಿನಲ್ಲಿ ಒಂದು ಚೀಟಿ: ಹೆಸರು, ರಕ್ತದ ಗುಂಪು, ಮನೆಯವರ ನಂಬರು. ಫೋನು ಲಾಕ್ ಆಗಿದ್ದರೆ ದಾರಿಹೋಕರಿಗೆ ಅದೊಂದೇ ಆಧಾರ. ಆಂಬ್ಯುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಯಾದರೆ 1033. ಈ ನಂಬರುಗಳೂ ಅದೇ ಚೀಟಿಯಲ್ಲಿರಲಿ.

## ಹಂತ 6: ಮೊದಲ ದಿನ, ಬೆಳಕು ಹರಿಯುವಾಗ ಹೊರಡಿ

ಚೀಲ ರಾತ್ರಿಯೇ ಬಾಗಿಲ ಹತ್ತಿರ. ಟ್ಯಾಂಕ್ ರಾತ್ರಿಯೇ ಫುಲ್. ಬೆಳಕು ಹರಿದ ಕೂಡಲೇ ಬಿಟ್ಟರೆ ಊರೊಳಗಿನ ಗದ್ದಲ ಶುರುವಾಗುವ ಮೊದಲೇ ಹೊರಗಿರುತ್ತೀರಿ. ಮೊದಲ ಅರ್ಧ ತಾಸು ನಿಧಾನ ಓಡಿಸಿ. ಹದಿನೈದು ಕಿಮೀ ಆದ ಮೇಲೆ ನಿಲ್ಲಿಸಿ ಚೀಲದ ಹಗ್ಗ ಮತ್ತೊಮ್ಮೆ ಬಿಗಿಯಿರಿ, ಅದು ಸಡಿಲ ಆಗಿಯೇ ಆಗಿರುತ್ತದೆ.

ತಾಸಿಗೊಮ್ಮೆ ಇಳಿಯಿರಿ, ದಣಿವಾಗಲಿ ಬಿಡಲಿ. ನೀರು ಕುಡಿಯಿರಿ, ನಾಲ್ಕು ಹೆಜ್ಜೆ ನಡೆಯಿರಿ, ಟೈರಿನ ಮೇಲೆ ಕಣ್ಣಾಡಿಸಿ. ಟ್ಯಾಂಕ್ ಅರ್ಧಕ್ಕೆ ಬಂದರೆ ಮುಂದಿನ ಬಂಕಿನಲ್ಲೇ ತುಂಬಿಸಿ. ಹೈವೇಯಲ್ಲಿ ಬಂಕಿಗೆ ಬರ ಇಲ್ಲ. ಪಟ್ಟದಕಲ್ಲು, ಐಹೊಳೆಯ ಒಳರಸ್ತೆಗಳಲ್ಲಿ ಆ ಧೈರ್ಯ ಬೇಡ.

ಹೀಗೆ ಬಂದರೆ ಹನ್ನೊಂದರ ಸುಮಾರಿಗೆ ಬಾದಾಮಿಯಲ್ಲಿರುತ್ತೀರಿ. ಚೀಲ ಲಾಡ್ಜಿನಲ್ಲಿಟ್ಟು, ಊಟ ಮಾಡಿ, ಒಂದು ತಾಸು ಮಲಗಿ. ಮೂರೂವರೆಗೆ ಗುಹೆ ಹತ್ತಿ. ಅಲ್ಲಿ ಮಂಗಗಳ ಕಾಟ ಇದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಬಾಳೆಹಣ್ಣು, ತಂಪು ಪಾನೀಯದ ಬಾಟಲಿ ಕಂಡರೆ ಬಿಡುವುದಿಲ್ಲ. ಬೈಕಿನ ಪೌಚಿನಲ್ಲಿ ತಿಂಡಿ ಬಿಟ್ಟರೆ ಜಿಪ್ಪು ಎಳೆಯುತ್ತವೆ, ಸೀಟಿನ ರೆಗ್ಜಿನ್ ಕೀಳುತ್ತವೆ. ಹೆಲ್ಮೆಟ್ಟನ್ನು ಕನ್ನಡಿಗೆ ತೂಗು ಹಾಕಬೇಡಿ, ಜೊತೆಗೇ ಒಯ್ಯಿರಿ. ಮಂಗ ಹತ್ತಿರ ಬಂದರೆ ಹಲ್ಲು ತೋರಿಸಿ ನಗಬೇಡಿ, ಓಡಬೇಡಿ, ಖಾಲಿ ಕೈ ತೋರಿಸಿ ಸುಮ್ನೆ ನಡೆಯಿರಿ.

ಸಂಜೆ ಅಗಸ್ತ್ಯ ತೀರ್ಥದ ದಂಡೆ ಹಿಡಿದು ಭೂತನಾಥ ಗುಡಿಯ ಕಡೆ ಹೋಗಿ ಕೂತುಬಿಡಿ. ಗುಡಿಯ ಮುಖ ಪಡುವಣಕ್ಕಿದೆ, ಇಳಿಬಿಸಿಲು ನೇರ ಕಲ್ಲಿನ ಮೇಲೆ ಬೀಳುತ್ತದೆ. ಹಿಂದಿನ ಬಂಡೆ ನಿಮಿಷಕ್ಕೊಂದು ಬಣ್ಣವಾಗುತ್ತದೆ. "ಮುಗೀತಾ? ಹೋಗೋಣ್ವಾ?" ಅನ್ನುವವರು ಪಕ್ಕದಲ್ಲಿಲ್ಲ. ಈ ಒಂದು ತಾಸಿಗಾಗಿಯೇ ಬೆಳಿಗ್ಗೆ ಬೇಗ ಹೊರಟದ್ದು.

## ಹಂತ 7: ಈ ರಸ್ತೆಗಳದ್ದೇ ಆದ ಅಪಾಯಗಳು

ಕಬ್ಬಿನ ಟ್ರ್ಯಾಕ್ಟರ್. ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮು ಹೆಚ್ಚುಕಡಿಮೆ ನವೆಂಬರ್‌ನಿಂದ ಮಾರ್ಚ್. ಅಂದರೆ ತಿರುಗಾಟಕ್ಕೆ ಒಳ್ಳೆಯ ಕಾಲವೂ ಅದೇ. ಗೋಕಾಕ, ಮುಧೋಳ, ಜಮಖಂಡಿ, ಅಥಣಿ ಭಾಗದಲ್ಲಿ ಒಂದು ಟ್ರ್ಯಾಕ್ಟರ್ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುತ್ತದೆ. ಹೇರಿದ ಕಬ್ಬು ಎರಡೂ ಬದಿಗೆ ಚಾಚಿಕೊಂಡಿರುತ್ತದೆ. ಹಿಂದೆ ಲೈಟು ಇರುವುದಿಲ್ಲ, ಇದ್ದರೂ ಕಬ್ಬಿನ ಗರಿ ಅದನ್ನು ಮುಚ್ಚಿರುತ್ತದೆ. ಮುಸ್ಸಂಜೆಯಲ್ಲಿ ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದಾಗ ನಿಮ್ಮ ಮುಂದಿರುವ ಟ್ರೇಲರ್ ಕಾಣುವುದೇ ಇಲ್ಲ. ಕತ್ತಲಲ್ಲಿ ಓಡಿಸಬೇಡಿ ಅಂತ ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಹಗಲಲ್ಲೂ ಹಿಂದಿಕ್ಕುವಾಗ ಎರಡನೇ ಟ್ರೇಲರ್ ಲೆಕ್ಕಕ್ಕಿಡಿ. ಒಂದೇ ಅಂದುಕೊಂಡು ನುಗ್ಗಿದವರು ನಡುವೆ ಸಿಕ್ಕಿಕೊಳ್ಳುತ್ತಾರೆ. ಡ್ರೈವರ್ ಹಾಡು ಜೋರಾಗಿ ಹಾಕಿರುತ್ತಾನೆ, ನಿಮ್ಮ ಹಾರ್ನು ಕೇಳಿಸುವುದಿಲ್ಲ. ಅವನ ಕನ್ನಡಿಯಲ್ಲಿ ಅವನ ಮುಖ ಕಂಡರೆ ಮಾತ್ರ ಅವನಿಗೂ ನೀವು ಕಂಡಿದ್ದೀರಿ ಅಂತ ತಿಳಿಯಿರಿ. ರಸ್ತೆ ಮೇಲೆ ಬಿದ್ದ ಕಬ್ಬಿನ ಜಲ್ಲೆಯನ್ನು ಓರೆಯಾಗಿ ದಾಟಬೇಡಿ. ವೇಗ ಇಳಿಸಿ, ನೇರವಾಗಿ ದಾಟಿ.

ರಸ್ತೆ ಮೇಲಿನ ರಾಶಿ. ಜೋಳ, ಕಡಲೆ, ತೊಗರಿ ಬಂದಾಗ ಒಳರಸ್ತೆಗಳಲ್ಲಿ ಬೆಳೆಯನ್ನು ಡಾಂಬರಿನ ಮೇಲೇ ಹರವುತ್ತಾರೆ, ಗಾಡಿಗಳು ತುಳಿದು ಕಾಳು ಬಿಡಲಿ ಅಂತ. ನಾಲ್ಕು ಗಾಲಿಯವರಿಗೆ ತೊಂದರೆ ಇಲ್ಲ. ಬೈಕಿಗೆ ಕೆಳಗಿನ ಕಾಳು ಜಾರುತ್ತದೆ, ಮೇಲಿನ ಹೊಟ್ಟು ಎಂಜಿನ್ನಿನ ಬಿಸಿಗೂ ಚೈನಿಗೂ ಸಿಕ್ಕಿಕೊಳ್ಳುತ್ತದೆ. ದೂರದಿಂದ ರಸ್ತೆ ಹಳದಿಯಾಗಿ ಕಂಡರೆ ಆಗಲೇ ಗೇರ್ ಇಳಿಸಿ. ರಾಶಿ ಮೇಲೆ ಹೋದ ಮೇಲೆ ಮುಂದಿನ ಬ್ರೇಕ್ ಮುಟ್ಟಬೇಡಿ, ಹ್ಯಾಂಡಲ್ ತಿರುಗಿಸಬೇಡಿ. ಬದಿಯಲ್ಲಿ ಜಾಗ ಇದ್ದರೆ ಬದಿಯಿಂದಲೇ ಹೋಗಿ. ದಾಟಿದ ಮೇಲೆ ನಿಲ್ಲಿಸಿ ಸೈಲೆನ್ಸರಿಗೆ ಹೊಟ್ಟು ಅಂಟಿದೆಯಾ ನೋಡಿ. ಸುಟ್ಟ ವಾಸನೆ ಬಂದರೆ ಅದೇ ಕಾರಣ.

ಎರೆ ಮಣ್ಣು. ಮ್ಯಾಪು ಕೆಲವೊಮ್ಮೆ ಐದು ಕಿಮೀ ಉಳಿಸಲು ಹೊಲದ ದಾರಿ ತೋರಿಸುತ್ತದೆ. ಒಣಗಿದ್ದರೆ ಪರವಾಗಿಲ್ಲ. ಒಂದು ಮಳೆ ಬಿದ್ದಿದ್ದರೂ ಒಳಗೆ ಹೋಗಬೇಡಿ. ಎರೆ ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನ ಒಳಗೆ ಗಟ್ಟಿಯಾಗಿ, ನೂರು ಮೀಟರಿನೊಳಗೆ ಗಾಲಿ ತಿರುಗುವುದೇ ನಿಲ್ಲುತ್ತದೆ. ಸಿಕ್ಕಿಕೊಂಡರೆ ಎಕ್ಸಿಲರೇಟರ್ ಕೊಡುತ್ತಾ ಹೋಗಬೇಡಿ, ಕ್ಲಚ್ ಪ್ಲೇಟ್ ಸುಡುತ್ತದೆ. ಇಳಿದು ಕಟ್ಟಿಗೆಯಿಂದ ಮಣ್ಣು ಕೆರೆದು, ಗಾಡಿ ತಳ್ಳಿಕೊಂಡು ಬಂದ ದಾರಿಗೇ ವಾಪಸ್ ಬನ್ನಿ. ಹೈವೇ ಬದಿಯ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕುವಾಗ ಕೆಳಗೊಂದು ಚಪ್ಪಟೆ ಕಲ್ಲು ಇಡಿ. ಇಲ್ಲದಿದ್ದರೆ ಚಹಾ ಕುಡಿದು ಬರುವಷ್ಟರಲ್ಲಿ ಗಾಡಿ ಮಲಗಿರುತ್ತದೆ.

ಇನ್ನು ಬಣ್ಣ ಹಚ್ಚದ ಹಂಪುಗಳು, ಕುರಿ ಹಿಂಡು, ವಿಜಯಪುರದ ಬಯಲಿನ ಅಡ್ಡಗಾಳಿ. ಊರಿನ ಹೆಸರಿನ ಬೋರ್ಡು ಕಂಡ ಕೂಡಲೇ ವೇಗ ಇಳಿಸುವ ರೂಢಿ ಮಾಡಿಕೊಂಡರೆ ಮೊದಲಿನ ಎರಡೂ ನೀಗುತ್ತವೆ. ಗಾಳಿಗೆ ಮೈ ಬಗ್ಗಿಸಿ, ಹ್ಯಾಂಡಲ್ ಸಡಿಲ ಹಿಡಿಯಿರಿ.

## ಹಂತ 8: ಪಂಕ್ಚರ್ ಆದರೆ

ಹಿಂದಿನ ಭಾಗ ಹಾವಿನ ಹಾಗೆ ಹರಿದಾಡಿದರೆ ಹಿಂದಿನ ಟೈರು, ಹ್ಯಾಂಡಲ್ ಭಾರವಾದರೆ ಮುಂದಿನದು. ಬ್ರೇಕ್ ಒತ್ತಬೇಡಿ. ಎಕ್ಸಿಲರೇಟರ್ ಬಿಟ್ಟು, ನೇರ ಹಿಡಿದು, ತಾನೇ ನಿಧಾನವಾಗಲು ಬಿಡಿ. ತಿರುವಿನಲ್ಲಿ ನಿಲ್ಲಬೇಡಿ, ಗಟ್ಟಿ ನೆಲ ಇರುವ ಕಡೆ ನಿಲ್ಲಿ.

ಟ್ಯೂಬ್‌ಲೆಸ್ ಆದರೆ ನೀವೇ ಮಾಡಬಹುದು. ಸೆಂಟರ್ ಸ್ಟ್ಯಾಂಡ್ ಹಾಕಿ ಗಾಲಿ ತಿರುಗಿಸುತ್ತಾ ಮೊಳೆ ಹುಡುಕಿ. ಕಾಣದಿದ್ದರೆ ಸ್ವಲ್ಪ ಗಾಳಿ ತುಂಬಿ ನೀರು ಸುರಿಯಿರಿ, ಗುಳ್ಳೆ ಬರುತ್ತದೆ. ಮೊಳೆಯನ್ನು ಕೂಡಲೇ ಕೀಳಬೇಡಿ. ಎಲ್ಲರೂ ಮಾಡುವ ತಪ್ಪು ಅದು. ಮೊದಲು ಬತ್ತಿಯನ್ನು ಸೂಜಿಯ ಕಣ್ಣಿಗೆ ಅರ್ಧಕ್ಕೆ ಪೋಣಿಸಿ ಪಕ್ಕದಲ್ಲಿಡಿ, ರೀಮರ್ ಕೈಗೆ ತೆಗೆದುಕೊಳ್ಳಿ. ಆಮೇಲೆ ಇಕ್ಕಳದಿಂದ ಮೊಳೆ ಕೀಳಿ, ಅದು ಯಾವ ಓರೆಯಲ್ಲಿ ಬಂತು ನೋಡಿ. ಅದೇ ಓರೆಯಲ್ಲಿ ರೀಮರ್ ಒತ್ತಿ, ನಾಲ್ಕೈದು ಸಲ ಒಳಗೆ ಹೊರಗೆ ಆಡಿಸಿ. ಬಹಳ ಬಿಗಿ ಇರುತ್ತದೆ, ಕೈಗೆ ಬಟ್ಟೆ ಸುತ್ತಿಕೊಳ್ಳಿ.

ಈಗ ಬತ್ತಿಯನ್ನು ಮೈಭಾರ ಹಾಕಿ ಒತ್ತಿ, ಎರಡೂ ತುದಿ ಒಂದು ಬೆರಳಗಲ ಹೊರಗೆ ಉಳಿಯುವ ತನಕ. ಸೂಜಿಯನ್ನು ತಿರುಗಿಸದೆ ಒಂದೇ ಏಟಿಗೆ ಎಳೆಯಿರಿ. ನಿಧಾನ ಎಳೆದರೆ ಬತ್ತಿಯೂ ಜೊತೆಗೇ ಬರುತ್ತದೆ. ಹೊರಗಿನ ತುದಿಯನ್ನು ಸ್ವಲ್ಪ ಬಿಟ್ಟು ಕತ್ತರಿಸಿ, ಟೈರಿಗೆ ಸಮ ಮಾಡಬೇಡಿ. ಗಾಳಿ ತುಂಬಿ, ಮತ್ತೆ ನೀರು ಹಾಕಿ ನೋಡಿ. ಐದು ಕಿಮೀ ನಿಧಾನ ಓಡಿಸಿ ಇನ್ನೊಮ್ಮೆ ಗಾಳಿ ಪರೀಕ್ಷಿಸಿ. ಇದು ಊರು ಮುಟ್ಟುವ ತನಕದ ಕೆಲಸ. ಅಂಗಡಿಯಲ್ಲಿ ಒಳಗಿನಿಂದ ಪ್ಯಾಚ್ ಹಾಕಿಸಿಕೊಳ್ಳಿ. ಟೈರಿನ ಪಕ್ಕದ ಗೋಡೆ ಹರಿದಿದ್ದರೆ ಬತ್ತಿ ನಿಲ್ಲುವುದಿಲ್ಲ, ಪ್ರಯತ್ನಿಸಬೇಡಿ.

ಟ್ಯೂಬ್ ಟೈರು ರಸ್ತೆ ಬದಿ ಒಬ್ಬರೇ ಬಿಚ್ಚುವುದು ಕಷ್ಟ. ಗಾಲಿ ಬಿಚ್ಚಿ ಅಂಗಡಿಗೆ ಒಯ್ಯಬೇಕು ಅಥವಾ ಅಂಗಡಿಯವರನ್ನೇ ಕರೆತರಬೇಕು. ಆ ದಾರಿಯಲ್ಲಿ ಬರುವ ಟಂಟಂ, ಟ್ರ್ಯಾಕ್ಟರಿನವರಿಗೆ ಕೈ ತೋರಿಸಿ. "ಅಣ್ಣಾರ, ಪಂಚರ್ ಅಂಗಡಿ ಎಲ್ಲೈತ್ರಿ?" ಅಂದರೆ ಸಾಕು. ಎಷ್ಟೋ ಸಲ ಅಂಗಡಿಯವನಿಗೆ ಅವರೇ ಫೋನ್ ಮಾಡುತ್ತಾರೆ.

## ಹಂತ 9: ದಾರಿ ಕೇಳುವುದು, ಊಟ ಮಾಡುವುದು

ನಮ್ಮ ಕಡೆ ದೂರ ಕೇಳಿದರೆ "ಇಲ್ಲೇ ಮುಂದ ಐತ್ರಿ" ಅಂತ ಉತ್ತರ ಬರುತ್ತದೆ. ಅದು ಎರಡು ಕಿಮೀಯೂ ಆಗಬಹುದು, ಹದಿನೈದೂ ಆಗಬಹುದು. ಹಾಗಾಗಿ "ಎಷ್ಟು ದೂರ" ಬಿಟ್ಟು "ನಡುವ ಯಾವ ಊರು ಬರ್ತಾವ್ರಿ?" ಅಂತ ಕೇಳಿ, ಊರುಗಳ ಹೆಸರು ನೆನಪಿಟ್ಟುಕೊಳ್ಳಿ. ಎರಡನೇ ಪ್ರಶ್ನೆ: "ಪೂರಾ ಡಾಂಬರ್ ಐತೇನ್ರಿ?" ಮೂರನೆಯದು, ಮಳೆಗಾಲವಾದರೆ: "ಹಳ್ಳಕ್ಕ ನೀರು ಬಂದೈತೇನ್ರಿ?" ಈ ಉತ್ತರಗಳು ಮ್ಯಾಪಿನಲ್ಲಿ ಸಿಗುವುದಿಲ್ಲ. ಕೇಳಲು ಹೆಲ್ಮೆಟ್ ತೆಗೆದು, ಎಂಜಿನ್ ಬಂದ್ ಮಾಡಿ ಮಾತಾಡಿ. ವಯಸ್ಸಾದವರಿದ್ದರೆ "ಕಾಕಾರ", "ಯಜಮಾನ್ರ" ಅನ್ನಿ. ಉತ್ತರದ ಜೊತೆ ಚಹಾದ ಕರೆಯೂ ಬರುತ್ತದೆ. ಸಮಯ ಇದ್ದರೆ ಒಪ್ಪಿಕೊಳ್ಳಿ.

ಮಧ್ಯಾಹ್ನದ ಊಟಕ್ಕೆ ಖಾನಾವಳಿ ನೋಡಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಗುರೆಳ್ಳು ಚಟ್ನಿ, ಮೊಸರು, ಸೌತೆಕಾಯಿ, ಉಳ್ಳಾಗಡ್ಡಿ. ಒಬ್ಬರೇ ಕೂತವರನ್ನು ಬಡಿಸುವವರು ವಿಚಾರಿಸಿಯೇ ವಿಚಾರಿಸುತ್ತಾರೆ.

"ಒಬ್ರೇ ಬಂದೀರೇನ್ರಿ?"

"ಹೂಂ ರೀ ಅಕ್ಕಾರ, ಬೆಳಗಾವಿಂದ."

"ಮನ್ಯಾಗ ಹೇಳಿ ಬಂದೀರಿಲ್ಲೋ? ತಗೋರಿ, ಇನ್ನೊಂದು ರೊಟ್ಟಿ ಹಾಕಸ್ಕೋರಿ."

ಗುಂಪಿನಲ್ಲಿ ಹೋದಾಗ ಈ ಮಾತು ಸಿಗುವುದಿಲ್ಲ, ನಾವು ನಮ್ಮನಮ್ಮಲ್ಲೇ ಮಾತಾಡುತ್ತಿರುತ್ತೇವೆ. ಎರಡು ರೊಟ್ಟಿಗೆ ನಿಲ್ಲಿಸುವುದು ಮಾತ್ರ ನಿಮ್ಮ ಕೆಲಸ. ಹೊಟ್ಟೆ ಬಿರಿಯುವಂತೆ ತಿಂದು ಎರಡು ಗಂಟೆಯ ಬಿಸಿಲಲ್ಲಿ ಬೈಕ್ ಹತ್ತಿದರೆ ನಿದ್ದೆ ಬರುತ್ತದೆ. ಅರ್ಧ ತಾಸು ಅಲ್ಲೇ ಮರದ ಕೆಳಗೆ ಅಡ್ಡಾಗಿ.

ಸ್ವಲ್ಪ ಎಚ್ಚರವೂ ಇರಲಿ. ಎಲ್ಲಿ ಉಳಿಯುತ್ತೀರಿ ಅನ್ನುವ ಪ್ರಶ್ನೆಗೆ ಗುರುತಿಲ್ಲದವರ ಮುಂದೆ ಲಾಡ್ಜಿನ ಹೆಸರು ಹೇಳುವ ಅಗತ್ಯ ಇಲ್ಲ. "ಮುಂದ ದೋಸ್ತರು ಅದಾರ್ರಿ" ಅಂದರೆ ಮುಗಿಯಿತು.

## ಹಂತ 10: ಎರಡನೇ ದಿನ ಮತ್ತು ವಿಜಯಪುರ

ಬಾದಾಮಿ ಬಿಟ್ಟು ಮೊದಲು ಮಹಾಕೂಟ. ಬೆಳಿಗ್ಗೆ ಏಳರ ಸುಮಾರಿಗೆ ಅಲ್ಲಿನ ಪುಷ್ಕರಣಿಯಲ್ಲಿ ಒಂದು ಮುಳುಗು ಹಾಕಿ. ಊಟೆಯ ನೀರು, ಹಿಂದಿನ ದಿನದ ದಣಿವು ಅಲ್ಲೇ ಇಳಿಯುತ್ತದೆ. ಬೈಕ್ ಕೀಲಿ, ಫೋನು, ದುಡ್ಡನ್ನು ಮಾತ್ರ ಮೆಟ್ಟಿಲ ಮೇಲೆ ಬಿಡಬೇಡಿ. ಒಂದು ಸಣ್ಣ ಜಲನಿರೋಧಕ ಪೌಚು ಕೊರಳಿಗೆ ಹಾಕಿಕೊಂಡೇ ಇಳಿಯಿರಿ.

ಪಟ್ಟದಕಲ್ಲು ಬಾದಾಮಿಯಿಂದ 22 ಕಿಮೀ. ಹತ್ತರೊಳಗೆ ಅಲ್ಲಿದ್ದರೆ ಕಲ್ಲು ಕಾಯುವ ಮೊದಲೇ ಬರಿಗಾಲಲ್ಲಿ ನಡೆಯಬಹುದು. ಐಹೊಳೆಯಲ್ಲಿ ದುರ್ಗದ ಗುಡಿಯ ಆವರಣಕ್ಕೆ ಒಂದು ತಾಸು ಸಾಕು. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳಿ. ಆಮೇಲೆ ಗಡಿಯಾರ ನೋಡಿ. ಮಧ್ಯಾಹ್ನ ಎರಡಾಗಿದ್ದರೆ ಕೂಡಲಸಂಗಮಕ್ಕೆ ಒಂದು ತಾಸು ಕೊಡಬಹುದು, ಮೂರಾಗಿದ್ದರೆ ನೇರ ವಿಜಯಪುರ. ತೀರಾ ತಡವಾದರೆ ಕೂಡಲಸಂಗಮದಲ್ಲೇ ಯಾತ್ರಿ ನಿವಾಸ ಇದೆ, ಉಳಿದುಬಿಡಿ. ಲಾಡ್ಜಿಗೆ ಕೊಟ್ಟ ಅಡ್ವಾನ್ಸ್ ಹೋದರೆ ಹೋಗಲಿ. ದುಡ್ಡು ಹೋಗುತ್ತದೆ ಅಂತ ಕತ್ತಲಲ್ಲಿ ಓಡಿಸುವುದು ಬಹಳ ಜನ ಮಾಡುವ ತಪ್ಪು.

ವಿಜಯಪುರದಲ್ಲಿ ಮೂರನೇ ದಿನ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಗೋಳಗುಮ್ಮಟ ಹತ್ತಿ. ತಡವಾಗಿ ಹೋದರೆ ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಾಟ ಬಿಟ್ಟರೆ ಏನೂ ಕೇಳುವುದಿಲ್ಲ. ಮೇಲೆ ಹೋಗುವ ಮೆಟ್ಟಿಲು ಇಕ್ಕಟ್ಟು, ಕತ್ತಲೆ. ಹೆಲ್ಮೆಟ್ಟು, ಜಾಕೆಟ್ಟು ಲಾಡ್ಜಿನಲ್ಲೇ ಬಿಟ್ಟು ಬನ್ನಿ.

## ಹಂತ 11: ಇವು ಕಂಡರೆ ಅಲ್ಲೇ ನಿಲ್ಲಿ

ಮೈಯ ಸೂಚನೆ ಮೊದಲು. ದಾಟಿಬಂದ ಊರಿನ ಹೆಸರು ನೆನಪಾಗದಿದ್ದರೆ, ಹಂಪು ಹತ್ತಿರ ಬಂದ ಮೇಲೆ ಕಂಡರೆ, ಗೇರು ಪದೇ ಪದೇ ತಪ್ಪಿದರೆ, ನಿಮಗೆ ಅರಿವಿಲ್ಲದೆ ಕಣ್ಣು ಮುಚ್ಚುತ್ತಿದೆ ಎಂದರ್ಥ. ಚಹಾ ಇದಕ್ಕೆ ಔಷಧ ಅಲ್ಲ, ಇಪ್ಪತ್ತು ನಿಮಿಷದ ನಿದ್ದೆ ಔಷಧ. ಬಿಸಿಲಲ್ಲಿ ತಲೆಸಿಡಿತ, ವಾಕರಿಕೆ ಬಂದರೆ ನೆರಳಿಗೆ ಹೋಗಿ, ಜಾಕೆಟ್ ಬಿಚ್ಚಿ, ಬಟ್ಟೆ ಒದ್ದೆ ಮಾಡಿಕೊಳ್ಳಿ, ಒಂದು ಲೀಟರ್ ನೀರಿಗೆ ಒಂದು ಪ್ಯಾಕೆಟ್ ಒಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕುಡಿಯಿರಿ. ಮಾತು ತೊದಲಿದರೆ, ಬಿಸಿಲಲ್ಲೂ ಬೆವರು ನಿಂತರೆ ಅದು ಆಸ್ಪತ್ರೆಯ ವಿಷಯ. ಹತ್ತಿರದವರನ್ನು ಕರೆಯಿರಿ, 108ಕ್ಕೆ ಫೋನ್ ಮಾಡಿಸಿ.

ಗಾಡಿಯದ್ದು: ಎಂಜಿನ್ ಏರಿಯೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಚೈನು ಟಕಟಕ ಅಂದರೆ ಸಡಿಲ ಆಗಿದೆ. ಬ್ರೇಕಿನಿಂದ ಕಬ್ಬಿಣ ಉಜ್ಜಿದ ಸದ್ದು ಬಂದರೆ ಪ್ಯಾಡು ಮುಗಿದಿದೆ. ಮುಂದಿನ ದೊಡ್ಡ ಊರು ಇಪ್ಪತ್ತೇ ಕಿಮೀ ಅಂತ ತಳ್ಳಬೇಡಿ. ಹತ್ತಿರದ ಊರಿನ ಮೆಕ್ಯಾನಿಕ್ ಸಾಕು. ದರವನ್ನು ಕೆಲಸಕ್ಕೆ ಮೊದಲೇ ಕೇಳಿ, ಬದಲಿಸಿದ ಹಳೆಯ ಭಾಗವನ್ನು ತೋರಿಸಲು ಹೇಳಿ.

ಆಕಾಶದ್ದು: ಮೂಡಣದಲ್ಲೋ ಪಡುವಣದಲ್ಲೋ ಮೋಡ ಕಪ್ಪಾಗಿ ತಂಪು ಗಾಳಿ ಒಮ್ಮೆಲೇ ಬೀಸಿದರೆ ಗುಡುಗು ಮಳೆ ಹತ್ತಿರದಲ್ಲಿದೆ. ಬಯಲು ಸೀಮೆಯಲ್ಲಿ ಒಂಟಿ ಮರದ ಕೆಳಗೆ ನಿಲ್ಲಬೇಡಿ, ಸಿಡಿಲಿಗೆ ಅದೇ ಮೊದಲ ಗುರಿ. ಬಂಕು, ಶಾಲೆ, ಗಟ್ಟಿ ಕಟ್ಟಡ ನೋಡಿ.

## ಹಂತ 12: ವಾಪಸ್ ದಾರಿ

ವಿಜಯಪುರದಿಂದ ಎರಡು ದಾರಿ. ಒಂದು ಬಬಲೇಶ್ವರ, ಚಿಕ್ಕಪಡಸಲಗಿ, ಜಮಖಂಡಿ, ಮುಧೋಳದ ಮೇಲೆ. ಕಬ್ಬಿನ ಹಂಗಾಮಿನಲ್ಲಿ ಈ ದಾರಿ ಬಿಡಿ. ಆಗ ಹೈವೇ 52 ಹಿಡಿದು ಕೊಲ್ಹಾರದ ಸೇತುವೆ ದಾಟಿ, ಗದ್ದನಕೇರಿ ಕ್ರಾಸಿನಿಂದ ಲೋಕಾಪುರ, ಯರಗಟ್ಟಿಯ ಮೇಲೆ ಬನ್ನಿ. ಕೊಲ್ಹಾರದಲ್ಲಿ ಗಡಿಗೆ ಮೊಸರು ಸಿಗುತ್ತದೆ, ಚೀಲದಲ್ಲಿ ಉಳಿದ ಕಡಕ್ ರೊಟ್ಟಿ ಅದರಲ್ಲಿ ಮುರಿದು ಹಾಕಿಕೊಂಡರೆ ಮಧ್ಯಾಹ್ನದ ಊಟ ಮುಗಿಯಿತು.

ಹನ್ನೊಂದಕ್ಕೆ ವಿಜಯಪುರ ಬಿಡಿ. ಕೊನೆಯ ಮೂವತ್ತು ಕಿಮೀಯಲ್ಲಿ ಮನಸ್ಸು ಆಗಲೇ ಮನೆ ಸೇರಿರುತ್ತದೆ, ಕೈ ತಾನಾಗಿಯೇ ವೇಗ ಏರಿಸುತ್ತದೆ. ನೇಸರಗಿ ದಾಟಿದ ಮೇಲೆ ಬೇಕೆಂದೇ ಒಂದು ಚಹಾಕ್ಕೆ ನಿಲ್ಲಿ. ಹದಿನೈದು ನಿಮಿಷ ತಡವಾಗಿ ಮುಟ್ಟಿದರೆ ಏನೂ ಆಗುವುದಿಲ್ಲ.

ಮನೆ ಮುಟ್ಟಿದ ಮೇಲೆ ಮೊದಲು ಕೊನೆಯ ಮೆಸೇಜು. ಮರುದಿನ ಗಾಡಿ ತೊಳೆದು ಚೈನಿಗೆ ಎಣ್ಣೆ ಹಾಕಿ. ಎರೆ ಮಣ್ಣು ಒಣಗಿ ಗಟ್ಟಿಯಾಗುವ ಮೊದಲೇ ಮಡ್‌ಗಾರ್ಡಿನ ಒಳಗೂ ನೀರು ಬಿಡಿ. ಬತ್ತಿ ಹಾಕಿದ ಟೈರಿಗೆ ಪ್ಯಾಚ್ ಹಾಕಿಸಿ, ಕಿಟ್ಟಿನಲ್ಲಿ ಖಾಲಿಯಾದ ಬತ್ತಿ ತುಂಬಿಸಿಡಿ. ಹಂತ 2ರ ಕಾಗದ ಎಸೆಯಬೇಡಿ. ಯಾವ ಬಂಕು, ಯಾವ ಖಾನಾವಳಿ, ಯಾವ ಪಂಚರ್ ಅಂಗಡಿ ಎಲ್ಲಿತ್ತು ಅನ್ನುವುದನ್ನು ಅದರ ಹಿಂಬದಿಯಲ್ಲಿ ಬರೆದು, ಗಾಡಿಯ ಜೆರಾಕ್ಸಿನ ಜೊತೆ ಸೀಟಿನ ಕೆಳಗೆ ಇಡಿ.